ಕೆನ್ನೆ ತುಂಬಿಸುವ ಫಿಲ್ಲರ್: ಮಾಟುಂಗಾದ ಒಂದು ಕ್ಲಿನಿಕ್‌ನಲ್ಲಿ ದುಡ್ಡು ಕೊಟ್ಟು ಕಂಡದ್ದು

ಮುಂಬೈಯ ಮಾಟುಂಗಾದಲ್ಲಿ ಕೆನ್ನೆಗೆ ಫಿಲ್ಲರ್, ಅಂದರೆ ಚರ್ಮದ ಕೆಳಗೆ ಚುಚ್ಚಿ ತುಂಬುವ ಜೆಲ್, ಹಾಕಿಸಿಕೊಂಡೆ. ಮೊದಲೇ ಅಂಕ ಕೊಟ್ಟುಬಿಡುತ್ತೇನೆ. ಒಳಗೆ ಕೂತ ಡಾಕ್ಟರಿಗೆ ಐದಕ್ಕೆ ಐದು. ಹೊರಗೆ ಕೌಂಟರ್‌ನಲ್ಲಿ ಕೂತವರಿಗೆ ಐದಕ್ಕೆ ಎರಡು, ಅದೂ ಕೂಲರ್ ನೀರು ತಣ್ಣಗಿತ್ತು ಅನ್ನುವ ಒಂದೇ ಕಾರಣಕ್ಕೆ. ಕ್ಲಿನಿಕ್ ಹೆಸರು ಬರೆಯುವುದಿಲ್ಲ. ಹೊಗಳುವುದಕ್ಕೂ ಇದೆ, ಬೈಯುವುದಕ್ಕೂ ಇದೆ. ಅಲ್ಲದೆ ಈ ಕೆಲಸದಲ್ಲಿ ಬೋರ್ಡಿನ ಮೇಲಿನ ಹೆಸರಿಗಿಂತ ಸೂಜಿ ಹಿಡಿಯುವ ಕೈ ಮುಖ್ಯ, ಆ ಡಾಕ್ಟರ್ ನಾಳೆ ಠಾಣೆಗೋ ಅಂಧೇರಿಗೋ ಹೋಗಿಬಿಟ್ಟರೆ ನೀವು ಹೆಸರು ನೋಡಿಕೊಂಡು ಇಲ್ಲಿಗೆ ಬಂದು ಏನು ಪ್ರಯೋಜನ? ಮಾಟುಂಗಾ ಪೂರ್ವ, ಕಿಂಗ್ಸ್ ಸರ್ಕಲ್‌ನಿಂದ ನಡೆದು ಹೋಗುವಷ್ಟು ದೂರ. ಅಷ್ಟು ಸಾಕು.

ನನಗೆ ಐವತ್ತು ದಾಟಿದೆ. ತೂಕ ಹಲವು ವರ್ಷದಿಂದ ಹೆಚ್ಚುಕಡಿಮೆ ಅಷ್ಟೇ ಇದೆ. ಆದರೂ ಇಲ್ಲಿನ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್‌ಗೆ ನಾಟಕ ನೋಡಲು ಹೋದರೂ ಅದೇ ಪ್ರಶ್ನೆ, ಡೊಂಬಿವಲಿಯಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋದರೂ ಅದೇ ಪ್ರಶ್ನೆ: "ಏನ್ರೀ, ಹೀಗೆ ಸೊರಗಿದ್ದೀರಿ? ಶುಗರ್ ಏನಾದ್ರೂ ಬಂತಾ?" ಶುಗರ್ ಇಲ್ಲ, ಥೈರಾಯ್ಡ್ ಇಲ್ಲ, ಎಲ್ಲ ಟೆಸ್ಟ್ ಮಾಡಿಸಿ ಆಗಿದೆ. ಕನ್ನಡಿಯಲ್ಲಿ ನೋಡಿದರೆ ಸುಕ್ಕು ಕೂಡ ಅಂಥ ಜಾಸ್ತಿ ಇರಲಿಲ್ಲ. ಕೆನ್ನೆ ಒಳಗೆ ಹೋಗಿತ್ತು, ಕಣ್ಣಿನ ಕೆಳಗೆ ನೆರಳು, ಮೂಗಿನ ಬದಿಯಿಂದ ತುಟಿಯ ಅಂಚಿಗೆ ಇಳಿಯುವ ಗೆರೆ ಆಳವಾಗಿತ್ತು. ಚೆನ್ನಾಗಿ ನಿದ್ದೆ ಮಾಡಿ ಎದ್ದ ದಿನವೂ ಮೂರು ದಿನ ಮಲಗದವಳ ಮುಖ. ಇದಕ್ಕೆ ಕ್ರೀಮ್ ಹಚ್ಚಿ ಅನ್ನುವವರಿದ್ದಾರೆ. ಕ್ರೀಮ್ ಚರ್ಮದ ಮೇಲ್ಪದರಕ್ಕೆ. ಕೆಳಗೆ ಖಾಲಿಯಾದದ್ದನ್ನು ಯಾವ ಡಬ್ಬಿಯ ಕ್ರೀಮೂ ತುಂಬುವುದಿಲ್ಲ, ಅದರ ಮೇಲೆ ಏನೇ ಬರೆದಿರಲಿ.

ಮಾಟುಂಗಾಕ್ಕೆ ಹೋಗುವ ಮೊದಲು ಪಶ್ಚಿಮದ ಉಪನಗರದ ಇನ್ನೊಂದು ಕಡೆ ವಿಚಾರಿಸಿದ್ದೆ. ಹತ್ತಾರು ಶಾಖೆ ಇರುವ ಕ್ಲಿನಿಕ್, ಗಾಜಿನ ಬಾಗಿಲು, ಮಲ್ಲಿಗೆ ವಾಸನೆಯ ರೂಮ್ ಫ್ರೆಶ್ನರ್. ಡಾಕ್ಟರ್ ಮುಖ ಕಾಣಿಸಲೇ ಇಲ್ಲ. ಕೌನ್ಸೆಲರ್ ಅಂತ ಒಬ್ಬಳು ಹುಡುಗಿ ಬಂದಳು, ಇಪ್ಪತ್ತೈದೂ ಇರಲಿಕ್ಕಿಲ್ಲ, ಟ್ಯಾಬ್‌ನಲ್ಲಿ ನನ್ನ ಫೋಟೋ ತೆಗೆದು, ಮುಖದ ತುಂಬ ಬಾಣದ ಗುರುತು ಹಾಕಿ, "ಆಂಟಿ, ನಿಮಗೆ 6 ಎಂಎಲ್ ಫಿಲ್ಲರ್ ಬೇಕು, ತಿಂಗಳ ಕೊನೆಯವರೆಗೆ ಆಫರ್ ಇದೆ, ಇಎಂಐ ಕೂಡ ಆಗುತ್ತೆ" ಅಂದಳು. ಡಾಕ್ಟರ್ ಯಾವಾಗ ನೋಡ್ತಾರೆ ಅಂತ ಕೇಳಿದರೆ ಬುಕಿಂಗ್ ಆದ ಮೇಲಂತೆ! ಎದ್ದು ಬಂದೆ. ಆಮೇಲೆ ತಿಂಗಳುಗಟ್ಟಲೆ ವಾಟ್ಸಾಪ್ ಬರುತ್ತಿತ್ತು, ದೀಪಾವಳಿಗೆ ಒಂದು ಆಫರ್, ಹೊಸ ವರ್ಷಕ್ಕೆ ಒಂದು.

ಮಾಟುಂಗಾದಲ್ಲಿ ಕನ್ಸಲ್ಟೇಶನ್‌ಗೆ ಬೇರೆಯೇ ದುಡ್ಡು ತಗೊಳ್ಳುತ್ತಾರೆ. ನನಗೆ ಅದು ಒಳ್ಳೆಯದೇ ಅನ್ನಿಸಿತು. ನೋಡುವುದಕ್ಕೇ ದುಡ್ಡು ಸಿಕ್ಕಿದರೆ, ಚುಚ್ಚದೆ ಕಳಿಸುವುದಕ್ಕೂ ಅವರಿಗೆ ಮನಸ್ಸು ಬರುತ್ತದೆ ಅಲ್ವಾ? ಡಾಕ್ಟರ್ ಮರಾಠಿಯವರು, ಎಂಡಿ ಡರ್ಮಟಾಲಜಿ, ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್‌ನ ನೋಂದಣಿ ನಂಬರ್ ಪ್ರಿಸ್ಕ್ರಿಪ್ಷನ್ ಮೇಲೆ ಸ್ಪಷ್ಟವಾಗಿ ಇದೆ. ನಮ್ಮ ಮಾತೆಲ್ಲ ಹಿಂದಿಯಲ್ಲಿ. ಮಲಗಿಸಿ ನೋಡಲಿಲ್ಲ, ನೇರ ಕೂರಿಸಿದರು, ಮೇಲಿನಿಂದ ಲೈಟ್ ಬಿಟ್ಟರು. ಮಲಗಿದರೆ ಕೆನ್ನೆ ಹಿಂದಕ್ಕೆ ಹೋಗಿ ಎಲ್ಲರೂ ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತಾರಂತೆ. ಮೂವತ್ತರ ಹರೆಯದ ಫೋಟೋ ಕೇಳಿದರು. ನಾದಿನಿಯ ಮದುವೆಯ ಫೋಟೋ ಮೊಬೈಲ್‌ನಲ್ಲಿತ್ತು, ತೋರಿಸಿದೆ. ಅದನ್ನೂ ನನ್ನ ಮುಖವನ್ನೂ ಪಕ್ಕಪಕ್ಕ ಇಟ್ಟುಕೊಂಡು ಎಲ್ಲಿ ಏನು ಹೋಗಿದೆ ಅಂತ ಬೆರಳಿಟ್ಟು ತೋರಿಸಿದ ಆ ಅರ್ಧ ಗಂಟೆಯೇ ಇಡೀ ವ್ಯವಹಾರದಲ್ಲಿ ನನಗೆ ಅತಿ ಬೆಲೆ ಬಾಳಿದ್ದು.

ಅವರು ಹೇಳಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ಮುಖದ ಕೊಬ್ಬು ಒಂದೇ ಪದರವಲ್ಲ. ಬೇರೆ ಬೇರೆ ಖಾನೆಗಳಲ್ಲಿ ಕೂತಿರುತ್ತದೆ. 2007ರಲ್ಲಿ ಅಮೆರಿಕದ ರೋರಿಚ್ ಮತ್ತು ಪೆಸ್ಸಾ ಅನ್ನುವ ಇಬ್ಬರು ಡಾಕ್ಟರುಗಳು ಶವಗಳ ಮುಖದೊಳಗೆ ನೀಲಿ ಬಣ್ಣ ಬಿಟ್ಟು ಇದನ್ನು ತೋರಿಸಿದರು, ಬಣ್ಣ ಎಲ್ಲ ಕಡೆ ಹರಡದೆ ಒಂದೊಂದು ಖಾನೆಯಲ್ಲೇ ನಿಂತಿತು. ವಯಸ್ಸಾದಂತೆ ಎಲ್ಲ ಖಾನೆಗಳೂ ಒಟ್ಟಿಗೆ ಕರಗುವುದಿಲ್ಲ. ಕೆನ್ನೆಯ ಆಳದಲ್ಲಿ, ಮೂಳೆಗೆ ಅಂಟಿಕೊಂಡ ಹಾಗೆ ಇರುವ ಕೊಬ್ಬು ಕಡಿಮೆಯಾಗುತ್ತದೆ. ಆಗ ಮೇಲಿನದಕ್ಕೆ ಆಸರೆ ತಪ್ಪಿ ಕೆಳಗೆ ಇಳಿಯುತ್ತದೆ. ಹಾಗಾಗಿಯೇ ಒಂದೇ ಮುಖದಲ್ಲಿ ಮೇಲೆ ಗುಳಿ, ಕೆಳಗೆ ದವಡೆಯ ಹತ್ತಿರ ಜೋತು ಬಿದ್ದ ಚೀಲ, ಎರಡೂ ಇರುತ್ತವೆ. ಹತ್ತಿ ಇಳಿದುಹೋದ ದಿಂಬಿಗೆ ಹಾಕಿದ ಗವಸಿನ ಹಾಗೆ ಚರ್ಮ ಸಡಿಲವಾಗುತ್ತದೆ, ಗವಸು ಎಷ್ಟು ಇಸ್ತ್ರಿ ಮಾಡಿದರೂ ಅಷ್ಟೇ.

ಕೊಬ್ಬು ಮಾತ್ರ ಅಲ್ಲ, ಮೂಳೆಯೂ ಸವೆಯುತ್ತದೆ. ಇದು ನನಗೆ ಹೊಸದು. ಕಣ್ಣಿನ ಗೂಡು ವಯಸ್ಸಾದಂತೆ ಅಗಲವಾಗುತ್ತದೆ, ಮೇಲ್ದವಡೆಯ ಮೂಳೆ ಹಿಂದಕ್ಕೆ ಸರಿಯುತ್ತದೆ, ಹಲ್ಲು ಕೀಳಿಸಿದ ಜಾಗದಲ್ಲಂತೂ ದವಡೆ ಬೇಗ ಸವೆಯುತ್ತದೆ. ಇದರ ಮೇಲೆ ನಮಗೆ, ಹೆಂಗಸರಿಗೆ, ಇನ್ನೊಂದು ಪೆಟ್ಟು: ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಅನ್ನುವ ಪ್ರೋಟೀನ್ ಶೇಕಡಾ 30ರ ಹತ್ತಿರ ಹೋಗುತ್ತದೆ. ನಲವತ್ತೆಂಟರವರೆಗೆ ಚೆನ್ನಾಗಿದ್ದವರು ಐವತ್ತೆರಡಕ್ಕೆ ಇದ್ದಕ್ಕಿದ್ದ ಹಾಗೆ ಬೇರೆಯಾಗಿ ಕಾಣುವುದು ಸುಮ್ನೆ ನಮ್ಮ ಕಲ್ಪನೆ ಅಲ್ಲ. ಬಿಸಿಲು, ಸಿಗರೇಟು ಇವೆರಡೂ ಇದನ್ನೆಲ್ಲ ಬೇಗ ಮಾಡಿಸುತ್ತವೆ.

ಆಮೇಲೆ ಡಾಕ್ಟರ್ ಬಾಯಿ ತೆರೆಯಲು ಹೇಳಿದರು. ಚರ್ಮದ ಡಾಕ್ಟರ್ ಹಲ್ಲು ನೋಡಿದ್ದು ನನಗೆ ಅದೇ ಮೊದಲು. ಎಡಗಡೆ ದವಡೆ ಹಲ್ಲು ಹಿಂದೆಯೇ ಹೋಗಿದೆ, ಇನ್ನೊಂದಕ್ಕೆ ರೂಟ್ ಕೆನಾಲ್ ಬಾಕಿ ಇತ್ತು. "ಮೊದಲು ಹಲ್ಲಿನ ಕೆಲಸ ಮುಗಿಸಿ, ಎರಡು ವಾರವಾದರೂ ಕಳೆಯಲಿ, ಆಮೇಲೆ ಬನ್ನಿ" ಅಂದರು. ಹಲ್ಲಿನ ಕೆಲಸ ಮಾಡುವಾಗ ಬಾಯಿಯ ಕ್ರಿಮಿಗಳು ರಕ್ತಕ್ಕೆ ಸೇರಬಹುದು, ಅವು ಫಿಲ್ಲರ್ ಇರುವ ಜಾಗಕ್ಕೆ ಹೋಗಿ ಕೂತರೆ ಸೋಂಕು. ಅಂದರೆ ಕೈಯಲ್ಲಿ ದುಡ್ಡು ಹಿಡಿದು ಬಂದವಳನ್ನು ಚುಚ್ಚದೆ ವಾಪಸ್ ಕಳಿಸಿದರು. ನಾನು ಐದಕ್ಕೆ ಐದು ಕೊಟ್ಟದ್ದು ಅಲ್ಲಿಗೇ ತೀರ್ಮಾನವಾಗಿತ್ತು.

ಏನೇನು ದಾರಿ ಇದೆ ಅಂತಲೂ ಅವರು ಬಿಡಿಸಿ ಹೇಳಿದರು. ಜಾಸ್ತಿ ಜನ ಮಾಡಿಸುವುದು ಹಯಲುರೋನಿಕ್ ಆಸಿಡ್ ಜೆಲ್. ನಮ್ಮ ಚರ್ಮದಲ್ಲೇ ಇರುವ ವಸ್ತು, ನೀರು ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಕರಗದ ಹಾಗೆ ಗಟ್ಟಿ ಮಾಡಿ ಸಿರಿಂಜ್‌ನಲ್ಲಿ ತುಂಬಿರುತ್ತಾರೆ. ಇಂಥ ಜೆಲ್‌ಗಳಲ್ಲಿ ರೆಸ್ಟಿಲೇನ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು 2003ರಲ್ಲಿ, ಜುವೆಡರ್ಮ್ ವೊಲ್ಯೂಮಾಕ್ಕೆ ಕೆನ್ನೆ ತುಂಬಿಸಲು ಒಪ್ಪಿಗೆ ಕೊಟ್ಟದ್ದು 2013ರಲ್ಲಿ. ಇದರ ದೊಡ್ಡ ಅನುಕೂಲ ಅಂದರೆ ಬೇಡವಾದರೆ ಅಥವಾ ತಪ್ಪಾದರೆ ಹಯಲುರೋನಿಡೇಸ್ ಅನ್ನುವ ಇಂಜೆಕ್ಷನ್ ಕೊಟ್ಟು ಕರಗಿಸಬಹುದು. ಎರಡನೆಯದು ಸ್ಕಲ್ಪ್‌ಟ್ರಾ ಅನ್ನುವ ಇಂಜೆಕ್ಷನ್ ಥರದ್ದು, ಅದು ತಾನಾಗಿ ತುಂಬುವುದಿಲ್ಲ, ನಮ್ಮ ಮೈಯಿಂದಲೇ ಕೊಲಾಜೆನ್ ಬೆಳೆಸುತ್ತದೆ, ತಿಂಗಳುಗಳು ಬೇಕು, ಮತ್ತು ಅದನ್ನು ಕರಗಿಸುವ ಮದ್ದಿಲ್ಲ. ಇದು ಶುರುವಾದದ್ದು ಶೋಕಿಗಲ್ಲ ಅನ್ನುವುದು ನನಗೆ ಗೊತ್ತಿರಲಿಲ್ಲ. ಎಚ್‌ಐವಿ ಇರುವವರ ಕೆನ್ನೆ ಪೂರ್ತಿ ಬತ್ತಿಹೋಗುತ್ತಿತ್ತು, ಮುಖ ನೋಡಿಯೇ ಜನ ಕಾಯಿಲೆ ಗುರುತು ಹಿಡಿಯುತ್ತಿದ್ದರು, 2004ರಲ್ಲಿ ಎಫ್‌ಡಿಎ ಇದಕ್ಕೆ ಮೊದಲು ಒಪ್ಪಿಗೆ ಕೊಟ್ಟದ್ದು ಅವರಿಗಾಗಿ. ಮುಖ ತುಂಬಿಸುವುದು ಅಂದರೆ ಬರೀ ಶ್ರೀಮಂತರ ಹುಚ್ಚು ಅಂತ ಮೂಗು ಮುರಿಯುವವರಿಗೆ ನಾನು ಈಗ ಇದನ್ನು ಹೇಳುತ್ತೇನೆ.

ಮೂರನೆಯದು ನಮ್ಮದೇ ಕೊಬ್ಬು. ಹೊಟ್ಟೆಯಿಂದಲೋ ತೊಡೆಯಿಂದಲೋ ತೆಗೆದು ಮುಖಕ್ಕೆ ಹಾಕುತ್ತಾರೆ, ಅದು ಪ್ಲಾಸ್ಟಿಕ್ ಸರ್ಜನ್ ಕೆಲಸ. ಹೊಟ್ಟೆಯಲ್ಲಿ ಬೇಕಾದಷ್ಟು ದಾಸ್ತಾನು ಇದೆ ಅಂತ ನಾನು ಖುಷಿಪಟ್ಟೆ. ಆದರೆ ಹಾಕಿದ್ದರಲ್ಲಿ ಎಷ್ಟು ಅಲ್ಲಿ ಬದುಕಿ ಉಳಿಯುತ್ತದೆ ಅಂತ ಮೊದಲೇ ಹೇಳಲು ಆಗುವುದಿಲ್ಲ, ಆಮೇಲೆ ದಪ್ಪಗಾದರೆ ಆ ಕೊಬ್ಬೂ ದಪ್ಪಗಾಗುತ್ತದೆ. ಚರ್ಮದೊಳಗೆ ದಾರ ಹಾಕಿ ಎಳೆಯುವುದು, ಫೇಸ್‌ಲಿಫ್ಟ್ ಇವೆಲ್ಲ ಜೋತು ಬಿದ್ದದ್ದನ್ನು ಎತ್ತುವುದಕ್ಕೆ, ಖಾಲಿಯಾದದ್ದನ್ನು ತುಂಬುವುದಕ್ಕಲ್ಲ. ಬೊಟಾಕ್ಸ್ ಅಂತೂ ಬೇರೆಯೇ, ಅದು ಸ್ನಾಯುವನ್ನು ಸಡಿಲ ಮಾಡುತ್ತದೆ ಅಷ್ಟೆ. ನಮ್ಮಲ್ಲಿ ಎಲ್ಲದಕ್ಕೂ ಬೊಟಾಕ್ಸ್ ಅಂದುಬಿಡುತ್ತಾರೆ.

ನನಗೆ ಅವರು ಹೇಳಿದ್ದು ಹಯಲುರೋನಿಕ್ ಜೆಲ್‌ನ ಎರಡು ಸಿರಿಂಜ್, ಒಂದು ಕೆನ್ನೆಗೆ 1 ಎಂಎಲ್. ಇನ್ನೊಂದು ಕಡೆ 6 ಹೇಳಿದ್ದನ್ನು ನೆನಪಿಸಿಕೊಳ್ಳಿ. ಒಂದು ಟೀ ಚಮಚ ಅಂದರೆ 5 ಎಂಎಲ್, ಹಾಗಾಗಿ ನನ್ನ ಒಂದು ಕೆನ್ನೆಗೆ ಹೋದದ್ದು ಚಮಚದ ಐದನೇ ಒಂದು ಭಾಗ. ಕಣ್ಣಿನ ಕೆಳಗೂ ಹಾಕಿ ಅಂದೆ, ಒಪ್ಪಲಿಲ್ಲ. ಅಲ್ಲಿ ಚರ್ಮ ತೆಳು, ಜೆಲ್ ನೀರು ಹೀರಿ ಊದಿಕೊಂಡರೆ ಚೀಲದ ಹಾಗೆ ಕಾಣುತ್ತದೆ, ಕೆನ್ನೆಗೆ ಆಸರೆ ಸಿಕ್ಕಿದರೆ ಅರ್ಧ ನೆರಳು ತಾನಾಗಿ ಹೋಗುತ್ತದೆ, ಆಮೇಲೆ ನೋಡೋಣ ಅಂದರು. ಗೆರೆಯ ಒಳಗೂ ತುಂಬಲಿಲ್ಲ. ಗೆರೆ ಬಿದ್ದದ್ದು ಮೇಲಿನ ಕೆನ್ನೆ ಇಳಿದದ್ದರಿಂದ, ಗೆರೆಗೇ ತುಂಬುತ್ತಾ ಹೋದರೆ ಮುಖ ಮುಂದಕ್ಕೆ ಉಬ್ಬಿ ಬರುತ್ತದೆ. ಟಿವಿಯಲ್ಲಿ ಕೆಲವರ ಮುಖ ನೋಡುತ್ತೀರಲ್ಲ, ನಕ್ಕಾಗ ಕಣ್ಣೇ ಮುಚ್ಚಿಹೋಗುತ್ತದೆ, ಅದು ಹೀಗೇ ಆದದ್ದು.

ಇಂಜೆಕ್ಷನ್ ದಿನದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಏಕೆಂದರೆ ಹೆದರಿದಷ್ಟು ಏನೂ ಇರಲಿಲ್ಲ. ಮರಗಟ್ಟಿಸುವ ಕ್ರೀಮ್ ಹಚ್ಚಿ ಕೂರಿಸಿದರು. ಬಾಕ್ಸ್ ನನ್ನ ಮುಂದೆಯೇ ಒಡೆದರು, ಎಕ್ಸ್‌ಪೈರಿ ತೋರಿಸಿದರು, ಬ್ಯಾಚ್ ನಂಬರಿನ ಸ್ಟಿಕ್ಕರ್ ನನ್ನ ಫೈಲಿಗೆ ಅಂಟಿಸಿದರು. ಇದನ್ನು ನೀವೂ ಕೇಳಿ ಮಾಡಿಸಿಕೊಳ್ಳಿ, ಯಾರೂ ಬೇಡ ಅನ್ನುವ ಹಾಗಿಲ್ಲ. ಚೂಪು ಸೂಜಿಯ ಬದಲು ಕ್ಯಾನ್ಯುಲಾ ಅನ್ನುವ ಮೊಂಡು ತುದಿಯ ತೆಳು ಕೊಳವೆ ಹಾಕಿದರು. ಜೆಲ್‌ನಲ್ಲೇ ಮರಗಟ್ಟಿಸುವ ಮದ್ದು ಲಿಡೋಕೇನ್ ಇರುವುದರಿಂದ ನೋವಿಗಿಂತ ಒತ್ತಡ, ಒಳಗೆ ಏನೋ ಸರಿದಾಡಿದ ಹಾಗೆ, ಒಂದು ಸಣ್ಣ ಕಿರಕಿರ ಶಬ್ದ ಕಿವಿಗೆ ಬಂದದ್ದು ಮಾತ್ರ ಇಷ್ಟವಾಗಲಿಲ್ಲ. ಆಮೇಲೆ ಊತ ಇತ್ತು, ಬಲಗಡೆ ಒಂದು ನೀಲಿ ಕಲೆ. ಆಫೀಸಿಗೆ ಮಾಸ್ಕ್ ಹಾಕಿಕೊಂಡು ಹೋದೆ, ಸೆಂಟ್ರಲ್ ಲೈನ್‌ನ ಲೇಡೀಸ್ ಡಬ್ಬಿಯಲ್ಲಿ ಯಾರೂ ತಿರುಗಿ ನೋಡಲಿಲ್ಲ.

ಅಪಾಯದ ವಿಷಯ ಮಾತ್ರ ಬಿಡಿಸಿಯೇ ಬರೆಯಬೇಕು, ಏಕೆಂದರೆ ಇದನ್ನು ಯಾವ ಆಫರಿನಲ್ಲೂ ಹಾಕುವುದಿಲ್ಲ. ಜೆಲ್ ತಪ್ಪಿ ರಕ್ತನಾಳದೊಳಗೆ ಹೋದರೆ ಅಥವಾ ನಾಳ ಒತ್ತಿಹೋದರೆ ಆ ಭಾಗಕ್ಕೆ ರಕ್ತ ಸಿಗದೆ ಚರ್ಮ ಸಾಯಬಹುದು. ಮುಖದ ನಾಳಗಳಿಗೂ ಕಣ್ಣಿನ ನಾಳಗಳಿಗೂ ಸಂಪರ್ಕ ಇರುವುದರಿಂದ, ಅಪರೂಪಕ್ಕೆ, ಕಣ್ಣೇ ಹೋಗಬಹುದು. ಕ್ಯಾನ್ಯುಲಾ ಬಳಸಿದರೆ ಈ ಅಪಾಯ ಕಡಿಮೆ, ಪೂರ್ತಿ ಇಲ್ಲ ಅಂತಲ್ಲ. ಚರ್ಮ ಬಿಳಿಚಿಕೊಂಡರೆ, ಬಲೆಯ ಹಾಗೆ ನೀಲಿ ಗೆರೆ ಬಂದರೆ, ವಿಪರೀತ ನೋವಾದರೆ, ಕಣ್ಣು ಮಂಜಾದರೆ ನಾಳೆವರೆಗೆ ಕಾಯುವ ಹಾಗಿಲ್ಲ, ಆಗಲೇ ಫೋನ್ ಮಾಡಬೇಕು. ಕರಗಿಸುವ ಹಯಲುರೋನಿಡೇಸ್ ಇದೆಯಾ ಅಂತ ನಾನು ಕೇಳಿದೆ. ಡಾಕ್ಟರ್ ನಗಲಿಲ್ಲ, ಮುನಿಸಿಕೊಳ್ಳಲೂ ಇಲ್ಲ, ಫ್ರಿಜ್ ತೆರೆದು ತೋರಿಸಿದರು. ರಾತ್ರಿ ಎತ್ತುವ ಸ್ವಂತ ನಂಬರೂ ಕೊಟ್ಟರು. ಇದು ಇಲ್ಲದ ಕಡೆ ಮುಖ ಕೊಡಬೇಡಿ. ಪಾರ್ಲರ್‌ನಲ್ಲಿ ಸೂಜಿಯೇ ಇಲ್ಲದ ಪೆನ್‌ನಿಂದ ಫಿಲ್ಲರ್ ಹಾಕುತ್ತೇವೆ ಅನ್ನುವವರೂ ಇದ್ದಾರೆ. ಅಂಥ ಪೆನ್‌ಗಳ ಬಗ್ಗೆ 2021ರ ಅಕ್ಟೋಬರ್‌ನಲ್ಲೇ ಎಫ್‌ಡಿಎ ಎಚ್ಚರಿಕೆ ಕೊಟ್ಟಿದೆ. ಐಬ್ರೋ ಮಾಡಿಸಲು ಪಾರ್ಲರ್ ಸರಿ, ಇದಕ್ಕಲ್ಲ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು, ಹಳೆಯ ಅಲರ್ಜಿ ಇರುವವರು ಮೊದಲೇ ಬಾಯಿ ಬಿಟ್ಟು ಹೇಳಬೇಕು, ಮಾತ್ರೆಯನ್ನು ನಾವಾಗೇ ನಿಲ್ಲಿಸಬಾರದು. ಗರ್ಭಿಣಿಯರಿಗೆ ಬೇಡವೇ ಬೇಡ ಅಂದರು.

ಫಲ ಏನಾಯಿತು? ಊತ ಇಳಿದ ಮೇಲೆ ನೋಡಿದರೆ ನಾನು ನಾನೇ. ಕೆನ್ನೆಯ ಗುಳಿ ಹೋಗಿದೆ, ಕಣ್ಣಿನ ಕೆಳಗಿನ ನೆರಳು ಅರ್ಧಕ್ಕಿಂತ ಜಾಸ್ತಿ ಕಡಿಮೆ, ಗೆರೆ ಮೆತ್ತಗಾಗಿದೆ. ದವಡೆಯ ಹತ್ತಿರ ಜೋತು ಬಿದ್ದದ್ದು ಹಾಗೇ ಇದೆ, ಚರ್ಮದ ಕಂದು ಕಲೆಗಳೂ ಹಾಗೇ ಇವೆ, ಅವು ಹೋಗುತ್ತವೆ ಅಂತ ಅವರೇನೂ ಹೇಳಿರಲಿಲ್ಲ. ಮನೆಯಲ್ಲಿ ಇವರಿಗೆ ಗೊತ್ತೇ ಆಗಲಿಲ್ಲ, ಕಾರ್ಡ್ ಬಿಲ್ ಬಂದ ಮೇಲೆ ಮುಖವನ್ನು ಗಮನವಿಟ್ಟು ನೋಡಿದರು. ಸಂಘದವರು ಮಾತ್ರ "ಊರಿಗೆ ಹೋಗಿ ಬಂದ್ರಾ? ಚೆನ್ನಾಗಿ ಕಾಣ್ತೀರಿ" ಅಂದರು. ಹೂಂ ಅಂದೆ.

ಈಗ ದುಡ್ಡು ಮತ್ತು ಬೈಗುಳ. ಒಂದು ಸಿರಿಂಜ್‌ಗೆ 28,000 ರೂಪಾಯಿ ಹೇಳಿದರು, ಎರಡಕ್ಕೆ 56,000. ಬಿಲ್ ಕೈಗೆ ಬಂದಾಗ ಮೇಲೆ ಜಿಎಸ್‌ಟಿ. ಇದನ್ನು ಫೋನಿನಲ್ಲೂ ಹೇಳಿರಲಿಲ್ಲ, ಮುಂದಿನ ಕೋಣೆಯಲ್ಲೂ ಹೇಳಿರಲಿಲ್ಲ. ಸೌಂದರ್ಯಕ್ಕೆ ಮಾಡಿಸಿದ್ದಕ್ಕೆ ತೆರಿಗೆ ಇದೆ, ಇನ್ಶೂರೆನ್ಸ್ ಇಲ್ಲ ಅನ್ನುವುದು ಸರಿ, ಆದರೆ ಹೇಳುವುದಕ್ಕೆ ಏನು ಕಷ್ಟ? ಹನ್ನೊಂದು ಗಂಟೆಗೆ ಅಂತ ಟೈಮ್ ಕೊಟ್ಟು ಹನ್ನೆರಡೂವರೆಗೆ ಒಳಗೆ ಬಿಟ್ಟರು, ಅಷ್ಟು ಹೊತ್ತೂ ಕೌಂಟರ್‌ನ ಹುಡುಗಿ ಗ್ಲೋ ಫೇಶಿಯಲ್, ಹೈಡ್ರಾ ಏನೋ, ಮೂರಕ್ಕೆ ಒಂದು ಫ್ರೀ ಅಂತ ಮಾರುತ್ತಲೇ ಇದ್ದಳು. ಒಳಗಿನ ಡಾಕ್ಟರ್ ಬೇಡ ಅಂದ ಕಣ್ಣಿನ ಕೆಳಗಿನ ಫಿಲ್ಲರ್‌ಗೆ ಹೊರಗಿನವಳು ಕೊಟೇಶನ್ ಕೊಟ್ಟಳು ಅಂದರೆ ನಂಬುತ್ತೀರಾ! ಒಪ್ಪಿಗೆ ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ನನ್ನ ಮೊದಲಿನ, ಆಮೇಲಿನ ಫೋಟೋಗಳನ್ನು ಪ್ರಚಾರಕ್ಕೆ ಬಳಸಬಹುದು ಅಂತ ಇತ್ತು. ಆ ಸಾಲು ಹೊಡೆದು ಹಾಕಿ, ಪಕ್ಕದಲ್ಲಿ ಸಹಿ ಹಾಕಿ, ಅದರ ಫೋಟೋ ತೆಗೆದಿಟ್ಟುಕೊಂಡೆ. ನೀವೂ ಕೊನೆಯ ಪುಟದವರೆಗೆ ಓದಿ.

ಎಷ್ಟು ದಿನ ಇರುತ್ತದೆ ಅನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ವೊಲ್ಯೂಮಾದ ಕಂಪನಿ ಎರಡು ವರ್ಷದವರೆಗೆ ಅನ್ನುತ್ತದೆ, ಡಾಕ್ಟರ್ ಒಂದರಿಂದ ಒಂದೂವರೆ ವರ್ಷ ಅಂದರು. ಹೊರಗಿನಿಂದ ಹೋದ ಹಾಗೆ ಕಂಡರೂ ಎಂಆರ್‌ಐ ಮಾಡಿ ನೋಡಿದರೆ ವರ್ಷಗಳ ನಂತರವೂ ಒಳಗೆ ಫಿಲ್ಲರ್ ಉಳಿದಿರುವುದು ಕಂಡುಬಂದಿದೆ. ಹಾಗಾಗಿ ಕ್ಯಾಲೆಂಡರ್ ನೋಡಿ ವರ್ಷಕ್ಕೊಂದು ಟಾಪ್ ಅಪ್ ಬೇಡ, ಕಂಡರೆ ಮಾತ್ರ ಬನ್ನಿ ಅಂದರು. ಕೌಂಟರ್‌ನವರು ಆರು ತಿಂಗಳಿಗೇ ಮೆಸೇಜ್ ಕಳಿಸುತ್ತಾರೆ, ಅದು ಬೇರೆ.

ಮುಲುಂಡ್‌ನ ಗೆಳತಿಯೊಬ್ಬಳು ನನ್ನ ಮುಖ ನೋಡಿ ತಾನೂ ಹೊರಟಿದ್ದಾಳೆ. ಅವಳದು ಬೇರೆ ಕಥೆ. ತೂಕ ಇಳಿಸುವ ಮೌಂಜಾರೋ ಇಂಜೆಕ್ಷನ್ 2025ರ ಮಾರ್ಚ್‌ನಲ್ಲಿ ನಮ್ಮ ದೇಶಕ್ಕೆ ಬಂತಲ್ಲ, ಅದನ್ನು ತಗೊಂಡು ಚೆನ್ನಾಗಿ ಇಳಿದಿದ್ದಾಳೆ, ಜೊತೆಗೆ ಮುಖವೂ ಇಳಿದಿದೆ. ಬೇಗ ತೂಕ ಇಳಿದರೆ ಮುಖದ ಕೊಬ್ಬೂ ಹೋಗುತ್ತದೆ, ಚರ್ಮಕ್ಕೆ ಅಷ್ಟು ಬೇಗ ಕುಗ್ಗಲು ಆಗುವುದಿಲ್ಲ. ಡಾಕ್ಟರ್ ಅವಳಿಗೆ ತೂಕ ಒಂದು ಕಡೆ ನಿಲ್ಲಲಿ, ಆಮೇಲೆ ಬಾ ಅಂತ ಹೇಳಿ ಕಳಿಸಿದ್ದಾರೆ. ಅವಳಿಗೆ ಸಿಟ್ಟು. ನನಗೆ ಡಾಕ್ಟರ್ ಮೇಲೆ ಇನ್ನೂ ನಂಬಿಕೆ ಬಂತು.

ಇಷ್ಟು ದುಡ್ಡು ಬೇಡ ಅನ್ನುವವರಿಗೆ ಕಡಿಮೆ ಖರ್ಚಿನ ದಾರಿ ಇಲ್ಲವೇ ಅಂತ ಕೇಳಬಹುದು. ಇರುವ ಕೊಲಾಜೆನ್ ಉಳಿಸಿಕೊಳ್ಳಲು ಸನ್‌ಸ್ಕ್ರೀನ್, ಮುಂಬೈ ಮಳೆಗಾಲದಲ್ಲೂ. ಮುಖದ ವ್ಯಾಯಾಮದ ಬಗ್ಗೆ 2018ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. 20 ವಾರ ಮಾಡಿದವರ ಕೆನ್ನೆ ಸ್ವಲ್ಪ ತುಂಬಿದ ಹಾಗೆ ಕಂಡಿತು, ಆದರೆ ಕೊನೆಯವರೆಗೆ ಮಾಡಿದವರು 16 ಹೆಂಗಸರು ಮಾತ್ರ, ಮೊದಲ ಎಂಟು ವಾರ ದಿನಾ ಅರ್ಧ ಗಂಟೆ. ಪುರುಸೊತ್ತು ಇದ್ದರೆ ಮಾಡಿ, ನಷ್ಟವೇನಿಲ್ಲ. ಸಂಜೆ ಲೋಕಲ್ ಇಳಿದು ಮನೆ ಸೇರಿ ಅಡಿಗೆ ಮಾಡುವವಳಿಗೆ ಕನ್ನಡಿ ಮುಂದೆ ಅರ್ಧ ಗಂಟೆ ಬಾಯಿ ಉಬ್ಬಿಸಿಕೊಂಡು ನಿಲ್ಲಲು ಆಗುತ್ತದಾ, ನೀವೇ ಹೇಳಿ.

ಮತ್ತೆ ಅಲ್ಲಿಗೇ ಹೋಗುತ್ತೇನಾ? ಆ ಡಾಕ್ಟರ್ ಅಲ್ಲಿರುವವರೆಗೆ ಹೌದು. ಹೋಗುವವರು ಶನಿವಾರ ಬಿಟ್ಟು ಹೋಗಿ, ಕಾಯುವುದು ಸ್ವಲ್ಪ ಕಡಿಮೆ. ಕ್ಲಿನಿಕ್ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇದೆ, ಆದರೆ ಇಬ್ಬರಿಗಿಂತ ಜಾಸ್ತಿ ಹಿಡಿಯುವುದಿಲ್ಲ. ಜಿಎಸ್‌ಟಿ ಸೇರಿಸಿ ಒಟ್ಟು ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ. ಕೌಂಟರ್‌ನಲ್ಲಿ ಮೊಬೈಲ್ ನಂಬರ್ ಕೇಳಿದಾಗ ಮನೆಯವರ ನಂಬರ್ ಕೊಡಿ, ಆಫರ್ ಮೆಸೇಜ್ ಎಲ್ಲ ಅವರಿಗೇ ಹೋಗಲಿ.